ಕುರಿಂಜಿ ಕಾದ ವರ್ಷಗಳು

ಲೋಕ ಇನ್ನೂ ಹಸುಗೂಸಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಯಾವ ಗಿಡ ಯಾವಾಗ ಹೂ ಬಿಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಎತ್ತರದ ಒಂದು ಗುಡ್ಡದ ಮೇಲೆ ಕುರಿಂಜಿ ಇದ್ದಳು. ಅವಳೂ ಅವಳ ಅಕ್ಕತಂಗಿಯರೂ ಮನಸ್ಸು ಬಂದಾಗ ಹೂ ಬಿಡುತ್ತಿದ್ದರು. ಈಗ ಇಲ್ಲೊಬ್ಬಳು, ದೂರ ಕಣಿವೆಯಾಚೆ ಇನ್ನೊಬ್ಬಳು.

ಕೆಳಗಿನ ಕಾಡಿನಿಂದ ಜೇನಕ್ಕ ತಂಗಿಯರನ್ನು ಕಟ್ಟಿಕೊಂಡು ಮೇಲೆ ಬರುತ್ತಿದ್ದಳು. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿದ್ದಳು. ಹಾಗೆ ಮುಟ್ಟಿಸಿದರೇ ಬೀಜ. ಆದರೆ ಹೂವಿಂದ ಹೂವಿಗೆ ದಾರಿ ಬಲು ದೂರ. ನಡುವೆ ಮಂಜು, ಮೈ ಕೊರೆಯುವ ಗಾಳಿ.

ಒಂದು ಸಂಜೆ ಜೇನಕ್ಕ ಒಬ್ಬಳೇ ಬಂದಳು. ರೆಕ್ಕೆಯ ಅಂಚು ಹರಿದಿತ್ತು.

"ತಂಗಿಯರೆಲ್ಲಿ ಅಕ್ಕಾ?" ಕುರಿಂಜಿ ಕೇಳಿದಳು.

"ಗಾಳಿ ಹೊತ್ತುಕೊಂಡು ಹೋಯಿತು ಕಣೇ. ಕಣಿವೆ ದಾಟುವಾಗ ಕೂರುವುದಕ್ಕೆ ಒಂದು ಹೂವೂ ಸಿಗಲಿಲ್ಲ. ಕೂಗಿದೆ, ಕೂಗಿದೆ. ಯಾರೂ ಓಗೊಡಲಿಲ್ಲ."

ಗಾಳಿ ಅಲ್ಲೇ ಸುಳಿಯುತ್ತಿತ್ತು. "ನಾನೇನು ಮಾಡಲಿ? ಬೀಸುವುದು ನನ್ನ ಹಣೆಬರಹ," ಎಂದಿತು.

"ಇನ್ನು ನಾವು ಈ ಗುಡ್ಡ ಹತ್ತುವುದಿಲ್ಲ," ಎಂದಳು ಜೇನಕ್ಕ.

ಜೇನು ಬಾರದಿದ್ದರೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ಕುಲವೇ ಇಲ್ಲ. ಕುರಿಂಜಿ ಹೇಳಿದಳು:

"ನಾವೆಲ್ಲ ಒಟ್ಟಿಗೇ ಅರಳುತ್ತೇವೆ. ಗುಡ್ಡದ ತುಂಬ. ನಿನ್ನವರು ಎಲ್ಲಿ ಇಳಿದರೂ ಕಾಲಡಿಗೆ ಹೂವಿರಬೇಕು, ಹಾಗೆ."

ಅವರನ್ನೆಲ್ಲ ಹೊತ್ತು ನಿಂತಿದ್ದ ಗುಡ್ಡಜ್ಜ ನಿಟ್ಟುಸಿರಿಟ್ಟ. "ಹುಚ್ಚು ಹುಡುಗಿ, ಅಷ್ಟು ಹೂವಿಗೆ ವರ್ಷಗಟ್ಟಲೆ ಸತ್ವ ಕೂಡಿಡಬೇಕು. ಕೂಡಿಟ್ಟದ್ದನ್ನು ಒಮ್ಮೆಲೇ ಸುರಿದರೆ ನೀವು ಉಳಿಯುವುದಿಲ್ಲ."

"ಗೊತ್ತು ಅಜ್ಜಾ. ಅಕ್ಕಾ, ಆಗ ಬರುತ್ತೀಯಾ?"

"ಬರುತ್ತೇವೆ," ಎಂದಳು ಜೇನಕ್ಕ. ಬರುತ್ತೇನೆ ಎನ್ನಲಿಲ್ಲ.

ಮಳೆ ಬಂತು, ಹೋಯಿತು. ಕುರಿಂಜಿ ಹೂ ಬಿಡಲಿಲ್ಲ. ಚಳಿ ಬಂತು, ಹೋಯಿತು. ಕುರಿಂಜಿ ಹೂ ಬಿಡಲಿಲ್ಲ. ಬಂಜೆಯೆಂದು ಹುಲ್ಲು ಕೂಡ ಆಡಿಕೊಂಡಿತು. ಅವಳು ಸತ್ವ ಕೂಡಿಡುತ್ತಲೇ ಇದ್ದಳು.

ಕೊನೆಗೊಂದು ವರ್ಷ ಗುಡ್ಡವೆಲ್ಲ ನೀಲಿಯಾಯಿತು. ಕಾಡಿನಿಂದ ಜೇನುಗಳು ಮೊರೆಯುತ್ತ ಬಂದವು. ಕುರಿಂಜಿ ಒಬ್ಬೊಬ್ಬರನ್ನೂ ಕೇಳಿದಳು, "ಜೇನಕ್ಕ ಬಂದಳಾ?"

"ಯಾವ ಜೇನಕ್ಕ?" ಎಂದಿತು ಒಂದು ಮರಿಜೇನು. "ಗುಡ್ಡ ನೀಲಿಯಾದರೆ ಹತ್ತಬೇಕು ಅಂತ ನಮ್ಮ ಗೂಡಿನಲ್ಲಿ ಹೇಳುತ್ತಾರೆ. ಯಾರು ಹೇಳಿದ್ದೋ ಗೊತ್ತಿಲ್ಲ."

"ಜೇನಿನ ಆಯಸ್ಸು ಒಂದು ಮಳೆಗಾಲವೂ ಇಲ್ಲ ಮಗಳೇ," ಎಂದ ಗುಡ್ಡಜ್ಜ, ಮೆಲ್ಲಗೆ. "ನೀನು ಅತ್ತೀಯೆಂದು ಹೇಳಲಿಲ್ಲ."

ಕುರಿಂಜಿ ಮರಿಜೇನಿಗೆ ಎಟುಕಲೆಂದು ಕೊಂಬೆ ಬಗ್ಗಿಸಿದಳು. "ಕುಡಿ ಮಗು. ಹೊಟ್ಟೆ ತುಂಬ ಕುಡಿ."

ಬೀಜ ಕಟ್ಟಿತು. ಎಲೆ ಉದುರಿತು. ಬೀಜಗಳು ನೆಲ ಮುಟ್ಟುವ ಹೊತ್ತಿಗೆ ಅವಳೂ ಅವಳ ಅಕ್ಕತಂಗಿಯರೂ ನಿಂತಲ್ಲೇ ಒಣಗಿದ್ದರು.

ಅದಕ್ಕೇ ಮಗೂ, ಕುರಿಂಜಿ ಇಂದಿಗೂ ಎಷ್ಟೋ ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ಅರಳುತ್ತದೆ. ಆಮೇಲೆ ಹೋಗಿ ನೋಡಿದರೆ ಒಣಕಡ್ಡಿಗಳ ಬುಡದಲ್ಲಿ ಅಮ್ಮನ ಮುಖ ಕಾಣದ ಪುಟ್ಟ ಸಸಿಗಳಷ್ಟೇ ಇರುತ್ತವೆ.