ಹಲ್ಲಿಗೆ ತಕ್ಕ ಅರ

ಹೊಳೆದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಬುಡನ್ ಉಸ್ತಾದರು ಮರ ಕೊಯ್ಯುವ ಮಷೀನುಗಳ ಚೈನಿನ ಹಲ್ಲುಗಳಿಗೆ ಅರ ಉಜ್ಜಿ ಹರಿತ ಮಾಡಿಕೊಡುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಮರ ಕೊಯ್ಯುವವರಿಗೆ ಅವರ ಕೈಯೆಂದರೆ ಕೈ.

ಅವರ ಶಿಷ್ಯ ಕಲ್ಮೇಶ. ಐಟಿಐ ಪಾಸಾದವನು. ಚುರುಕು. ತಾನು ಚುರುಕೆಂಬುದು ಅವನಿಗೇ ತುಸು ಹೆಚ್ಚಾಗಿ ಗೊತ್ತಿತ್ತು.

ಶೆಡ್ಡಿನಲ್ಲಿ ಒಂದು ಪದ್ಧತಿ. ನೆಲದ ಮೇಲೆ ನಿಂತು ಕೊಯ್ಯುವವರ ಚೈನು ಕಲ್ಮೇಶನಿಗೆ. ಹಗ್ಗ ಕಟ್ಟಿಕೊಂಡು ಮರ ಹತ್ತಿ ಕೊಯ್ಯುವವರ ಚೈನು ಉಸ್ತಾದರಿಗೆ ಮಾತ್ರ.

ಮೂರು ವರ್ಷವಾದರೂ ಆ ಗೆರೆ ಅಳಿಸಿರಲಿಲ್ಲ. ಕಲ್ಮೇಶನಿಗೆ ಅದೊಂದೇ ಕೊರಗು. ಉಸ್ತಾದರೆಂದರೆ ಅವನಿಗೆ ಪ್ರಾಣ. ಅವರು ಅರ ಹಿಡಿದರೆ ತನ್ನ ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದ. ಅಂಥವರ ಬಾಯಿಂದ ಒಮ್ಮೆ "ಇದನ್ನ ನೀ ಮಾಡು" ಅನ್ನಿಸಿಕೊಳ್ಳಬೇಕೆಂದು ಅವನಿಗೆ ಆಸೆ.

"ಯಾವ ಚೈನಿಗೆ ಯಾವ ಅರ ಹಾಕೂದ್ರಿ?" ಎಂದು ಮೊದಮೊದಲು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ.

"ಹಲ್ಲು ನೋಡು," ಅನ್ನುತ್ತಿದ್ದರು ಉಸ್ತಾದರು. ಅಷ್ಟೇ.

ಅಷ್ಟರಿಂದ ಕಲ್ಮೇಶನಿಗೆ ಸಮಾಧಾನವಾಗಲಿಲ್ಲ. ತಾನೇ ಒಂದು ಪಟ್ಟಿ ಮಾಡಿ ಬಾಯಿಪಾಠ ಹಾಕಿದ. ಚೈನಿನ ಮೇಲೆ ಇಂಥ ನಂಬರಿದ್ದರೆ ನಾಲ್ಕು ಮಿಲಿಮೀಟರಿನ ಅರ, ಇಂಥದಿದ್ದರೆ ನಾಲ್ಕು ಪಾಯಿಂಟ್ ಎಂಟು, ದೊಡ್ಡ ಚೈನಿಗೆ ಐದೂವರೆ. ಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ. ತೊಂದರೆಯಾದದ್ದೂ ಅದರಿಂದಲೇ.

ಒಂದು ಶುಕ್ರವಾರ ಉಸ್ತಾದರು ನಮಾಜಿಗೆ ಹೋಗಿದ್ದರು. ಆಗ ಬಸ್ತ್ಯಾಂವ ಸಿದ್ದಿ ಚೈನು ಹಾಕಿದ ಮಷೀನನ್ನೇ ಹೊತ್ತುಕೊಂಡು ಬಂದ. ಮರ ಹತ್ತುವುದರಲ್ಲಿ ಆ ಸೀಮೆಗೇ ಅವನು ಮುಂದು. ಅಂಗನವಾಡಿಯ ಮೇಲೆ ಚಾಚಿದ್ದ ಹುಣಸೆಕೊಂಬೆ ಸೀಳು ಬಿಟ್ಟಿತ್ತು. ಮರುದಿನ ಮಕ್ಕಳು ಬರುವುದರೊಳಗೆ ಅದನ್ನು ಇಳಿಸಬೇಕಿತ್ತು.

"ಉಸ್ತಾದರು ಇಲ್ಲೇನು?"

"ನಾ ಅದೀನಲ್ಲ. ಕೊಡು ಇಲ್ಲೆ."

ಕಲ್ಮೇಶ ಚೈನಿನ ನಂಬರು ಓದಿ ಪಟ್ಟಿ ನೆನೆದ. ಐದೂವರೆ. ಮೂವತ್ತಾರು ಹಲ್ಲಿಗೂ ಬಿಡದೆ ಉಜ್ಜಿದ. ಹಲ್ಲುಗಳು ಫಳಫಳ ಹೊಳೆದವು.

ಬಸ್ತ್ಯಾಂವ ಅಂಗಳದ ದಿಮ್ಮಿಯ ಮೇಲೆ ಮಷೀನು ಇಟ್ಟು ನೋಡಿದ. ಸದ್ದು ಜೋರಾಗಿತ್ತು, ಕೊಯ್ತ ಇರಲಿಲ್ಲ. ಚಕ್ಕೆ ಹಾರಬೇಕಾದಲ್ಲಿ ಗಿರಣಿಯ ಹಿಟ್ಟಿನ ಹಾಗೆ ಪುಡಿ ಉದುರಿತು.

"ಒತ್ತಿದ್ರ ಕೊಯ್ತೈತಿ. ಇಲ್ಲಂದ್ರ ಇಲ್ಲ," ಎಂದ.

"ಕಟಗಿ ಒಣಗೈತಿ," ಎಂದ ಕಲ್ಮೇಶ. ಕುಣಿಯಲಾರದವಳಿಗೆ ನೆಲ ಡೊಂಕು.

ಉಸ್ತಾದರು ಅಷ್ಟರಲ್ಲಿ ಬಂದು ದಿಮ್ಮಿಯ ಬಳಿ ನಿಂತಿದ್ದರು. ಬಗ್ಗಿ ಒಂದು ಚಿಟಿಕೆ ಪುಡಿ ತೆಗೆದುಕೊಂಡು ಬೆರಳಲ್ಲಿ ತಿಕ್ಕಿ ನೋಡಿದರು. ಶಿಷ್ಯನನ್ನು ಬೈಯಲಿಲ್ಲ.

"ನಾಳೆ ಮ್ಯಾಲೆ ಕುಂತು ಇದನ್ನ ಒತ್ತಿದ್ರ ಏನಾಗತೈತಿ?" ಎಂದು ಬಸ್ತ್ಯಾಂವನನ್ನು ಕೇಳಿದರು.

"ಮೈಭಾರ ಹಾಕಬೇಕಾಗತೈತಿ. ಕೊಂಬಿ ತಟ್ಟನ ಹರಿದ್ರ ಮಷೀನು ನನ್ನ ತೊಡಿಗೆ ಬರತೈತಿ. ಇಲ್ಲಾಂದ್ರ ಹಗ್ಗಕ್ಕ." ಬಸ್ತ್ಯಾಂವ ಸಂತೆಯ ಸುದ್ದಿ ಹೇಳುವಂತೆ ಹೇಳಿದ.

ಕಲ್ಮೇಶ ತಾನು ಉಜ್ಜಿದ ಅರವನ್ನು ಎತ್ತಿ ತೋರಿಸಿದ.

"ಪಟ್ಟಿ ಪ್ರಕಾರನ ಮಾಡೇನ್ರಿ ಉಸ್ತಾದ್. ಇದಕ್ಕ ಐದೂವರಿನ ಅರಾನ ಹಾಕೂದು."

ಉಸ್ತಾದರು ಒಂದು ಹೊಸ ಚೈನು ತಂದು ಬಸ್ತ್ಯಾಂವನ ಚೈನಿನ ಪಕ್ಕ ಹಿಡಿದರು.

"ಎರಡರ ನಂಬರೂ ಓದು."

"ಎರಡೂ ಒಂದ ಅದಾವ್ರಿ."

"ಈಗ ಹಲ್ಲು ನೋಡು."

ಕಲ್ಮೇಶ ಬಗ್ಗಿದ. ಹೊಸ ಚೈನಿನ ಹಲ್ಲು ಉದ್ದ, ಎತ್ತರ. ಬಸ್ತ್ಯಾಂವನದು ಉಜ್ಜಿ ಉಜ್ಜಿ ಅರ್ಧಕ್ಕೆ ಬಂದಿತ್ತು. ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರು, ಹಾಗಾಗಿ ಸವೆದಷ್ಟೂ ಗಿಡ್ಡ. ಮೂರು ವರ್ಷ ದಿನಾ ಕೈಯಲ್ಲಿ ಹಿಡಿದದ್ದನ್ನು ಅವನು ಅವತ್ತು ಮೊದಲ ಸಲ ನೋಡಿದ.

ಉಸ್ತಾದರು ಐದೂವರೆಯ ಅರವನ್ನು ಹೊಸ ಹಲ್ಲಿಗೆ ಇಟ್ಟರು. ಐದರಲ್ಲಿ ನಾಲ್ಕು ಪಾಲು ಒಳಗೆ ಕೂತು, ಒಂದು ಪಾಲು ನೆತ್ತಿಯ ಮೇಲೆ ಕಂಡಿತು. ಅದನ್ನೇ ಸವೆದ ಹಲ್ಲಿಗೆ ಇಟ್ಟರು. ಮೂರರಲ್ಲಿ ಒಂದು ಪಾಲು ಮೇಲೆ ನಿಂತುಬಿಟ್ಟಿತು.

"ಹಿಂಗ ಉಜ್ಜಿದ್ರ ಹೊಳಪು ಬರತೈತಿ. ಕಚ್ಚೂದಿಲ್ಲ."

ಗೋಡೆಯ ಮೊಳೆಗೆ ತೂಗುಹಾಕಿದ್ದ ಇನ್ನೊಂದು ಅರ ತೆಗೆದರು. ಐದು ಪಾಯಿಂಟ್ ಎರಡು. ಎರಡಕ್ಕೂ ಇದ್ದ ಅಂತರ ನಾಲ್ಕು ಕೂದಲೆಳೆಯಷ್ಟು.

"ಇನ್ನೂ ಸಣ್ಣದು ಹಾಕಿದ್ರ ಇನ್ನೂ ಹರಿತ ಆಗೂದಿಲ್ಲೇನ್ರಿ?" ಕಲ್ಮೇಶನ ಬಾಯಿ ಅಂಥ ಹೊತ್ತಿನಲ್ಲೂ ಸುಮ್ಮನಿರಲಿಲ್ಲ.

"ಆಗತೈತಿ. ಎರಡು ಕೊಂಬಿ ಕೊಯ್ಯೂದ್ರಾಗ ಮೊಂಡೂ ಆಗತೈತಿ."

ಉಸ್ತಾದರು ಉಜ್ಜತೊಡಗಿದರು. ಮುಂದಕ್ಕೆ ತಳ್ಳುವರು, ಎತ್ತುವರು, ಮತ್ತೆ ಮುಂದಕ್ಕೆ ತಳ್ಳುವರು. ಎಳೆಯುವ ಮಾತೇ ಇಲ್ಲ. ಪ್ರತಿ ಸಲವೂ ಅದೇ ಸದ್ದು, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಂಥ ಕೈ ಅದು! ತಾನು ಮಾಡಿದ್ದು ಮರೆತು ಕಲ್ಮೇಶ ಕಣ್ತುಂಬ ನೋಡಿದ. ಈ ಜನ್ಮಕ್ಕೆ ಇಷ್ಟು ಕಲಿತರೆ ಸಾಕು ಅನ್ನಿಸಿತು.

ಮೂರು ಹಲ್ಲು ಮುಗಿಸಿ ಉಸ್ತಾದರು ಎದ್ದರು. ಅರವನ್ನು ಶಿಷ್ಯನ ಮುಂದೆ ಇಟ್ಟರು.

"ಉಳಿದ ಮೂವತ್ಮೂರು ನೀ ಮಾಡು."

ಬಸ್ತ್ಯಾಂವ ಉಸ್ತಾದರ ಮುಖ ನೋಡಿದ, ಕಲ್ಮೇಶನ ಮುಖ ನೋಡಿದ. ಹೋಗಿ ದಿಮ್ಮಿಯ ಮೇಲೆ ಕೂತ.

ಮೂರು ವರ್ಷ ಕಾದ ಮಾತು ಬಂದಿತ್ತು. ಕಲ್ಮೇಶ ಅರ ಎತ್ತಿ ಹಲ್ಲಿಗೆ ಇಟ್ಟ. ಅದು ಕಟಕಟ ಎಂದಿತು. ಅವನ ಕಣ್ಣಿಗೆ ಹಲ್ಲಿನ ಜೊತೆಗೆ ಹುಣಸೆಮರವೂ ಹಗ್ಗವೂ ಬಸ್ತ್ಯಾಂವನ ತೊಡೆಯೂ ಕಾಣುತ್ತಿದ್ದವು.

ಅರವನ್ನು ಕೆಳಗಿಟ್ಟ.

"ನೀವ ಮಾಡ್ರಿ ಉಸ್ತಾದ್. ನನ್ನ ಕೈ ನಡುಗಾಕತ್ತಾವ."

ಉಸ್ತಾದರು ಪಕ್ಕದಲ್ಲಿ ಬಂದು ಕೂತು, ಅರವನ್ನು ಮತ್ತೆ ಅವನ ಕೈಗೇ ಕೊಟ್ಟರು.

"ಇಷ್ಟು ದಿನ ನಡುಗ್ತಿರಲಿಲ್ಲ. ಅದಕ್ಕ ಕೊಟ್ಟಿರಲಿಲ್ಲ."