ಗಡ್ಡ ಬಿಟ್ಟ ಕಲ್ಲು

ಒಂದು ಕಾಡಿನಲ್ಲಿ, ಮುತ್ತುಗ ಹೂಬಿಟ್ಟ ಮೊದಲ ಸೋಮವಾರ, ಕೆಂಚ ಎಂಬ ಮುಂಗುಸಿಮರಿ ಪಾಠವನ್ನು ಅರ್ಧಕ್ಕೇ ಬಿಟ್ಟು ಹೊರಟುಹೋಯಿತು. ಹೊಳೆದಂಡೆಯಲ್ಲಿ ಆಮೆ ಮೇಷ್ಟ್ರು ಮರಿಗಳಿಗೆ ಸೂಜಿಗಲ್ಲಿನ ಆಟ ಕಲಿಸುತ್ತಿದ್ದರು. ಕಲ್ಲನ್ನು ಒಣ ಮರಳಿನಲ್ಲಿ ಎಳೆದರೆ ಸಾಕು, ಮರಳಿನೊಳಗಿನ ಕಬ್ಬಿಣದ ಕಪ್ಪು ಹುಡಿ ಮೆತ್ತಿಕೊಂಡು ಕಲ್ಲಿಗೆ ಗಡ್ಡ ಬರುತ್ತಿತ್ತು. ಮರಿಗಳೆಲ್ಲ ಬಿದ್ದುಬಿದ್ದು ನಗುತ್ತಿದ್ದವು. ಕೆಂಚನ ಕಣ್ಣು ಮಾತ್ರ ಗುಡ್ಡದಾಚೆ ಇತ್ತು. ತನ್ನ ಸರದಿ ಬಂದಾಗ ಅದು ಕಲ್ಲನ್ನು ಪೊದೆಗೆ ಎಸೆದು ಓಡಿತು. ಮೇಷ್ಟ್ರು ಎಷ್ಟು ಹುಡುಕಿದರೂ ಕಲ್ಲು ಸಿಗಲಿಲ್ಲ. ಆ ಪಾಠವೂ ಅಲ್ಲಿಗೇ ನಿಂತಿತು.

ಕೆಂಚ ವರ್ಷಗಟ್ಟಲೆ ಏಳು ಕಾಡು ಸುತ್ತಿತು. ಎಲ್ಲಿ ಮರಳು ಕಂಡರೂ ಆ ನಗು ನೆನಪಾಗುತ್ತಿತ್ತು. ಕೊನೆಗೊಂದು ದಿನ ತಾಳಲಾರದೆ ಹಿಂದಿರುಗಿತು.

ಹೊಂಗೆಮರದ ಕೆಳಗೆ ಗುಂಪು ಸೇರಿತ್ತು. ಹೊಳೆಯ ನಡುವಿನ ದಿಬ್ಬದಲ್ಲಿದ್ದ ನೀರುಕೋಳಿಯ ಮೊಟ್ಟೆಗಳು ಕಳುವಾಗಿದ್ದವು. ನರಿಯ ಕೈಯಲ್ಲಿ, ಅಂದು ಪೊದೆಯಲ್ಲಿ ಕಳೆದುಹೋಗಿದ್ದ ಅದೇ ಸೂಜಿಗಲ್ಲು.

"ಇದು ದೇವರ ಕಲ್ಲು. ಕಳ್ಳರಿಗೆ ಸವರಿದರೆ ಗಡ್ಡ ಬಿಡುತ್ತೆ," ಎನ್ನುತ್ತ ನರಿ ಅದನ್ನು ಮೇಷ್ಟ್ರ ಚಿಪ್ಪಿಗೆ ಸವರಿತು. ಗಡ್ಡ ಬಂತು. "ನೋಡಿದಿರಾ? ಇವರು ಇಂದೇ ಕಾಡು ಬಿಡಬೇಕು."

"ನನ್ನ ಬೆನ್ನಲ್ಲಿರೋದು ಹೊಳೆಯ ಮರಳಪ್ಪ," ಎಂದರು ಮೇಷ್ಟ್ರು.

"ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳೋದು."

ಕೆಂಚನ ಜೊತೆ ಕಲಿತವು ದೊಡ್ಡವಾಗಿ ಬೇರೆ ಕಾಡು ಸೇರಿದ್ದವು. ಈಗಿನ ಮರಿಗಳು ತಲೆ ತಗ್ಗಿಸಿದವು. ಕಲ್ಲು ಕಳೆದ ಮೇಲೆ ಹುಟ್ಟಿದ ಅವು ಆ ಆಟವನ್ನು ಆಡಿಯೇ ಇರಲಿಲ್ಲ.

ಕೆಂಚ ಕಲ್ಲಿನ ಗುರುತು ಹಿಡಿಯಿತು. ತಾನು ಎಸೆದ ಕಲ್ಲೇ ಈಗ ಮೇಷ್ಟ್ರ ತಲೆಗೆ ಕಳ್ಳತನದ ಅಪವಾದ ತಂದಿತ್ತು. ಅದು ಮುಂದೆ ಬಂದು ಕೇಳಿತು: "ನರಿಯಣ್ಣ, ನೀನು ಈಚೆಗೆ ಹೊಳೆಗೆ ಇಳಿದಿದ್ದೆಯಾ?"

"ನಾನಾ? ಇಳಿದು ತಿಂಗಳಾಯ್ತು. ನೀರು ಮುಟ್ಟಿದರೆ ನನಗೆ ನೆಗಡಿ."

"ಹಾಗಾದರೆ ನಿನ್ನ ಬಾಲಕ್ಕೂ ಒಮ್ಮೆ ಸವರೋಣ. ದೇವರ ಕಲ್ಲಿಗೆ ನೀನ್ಯಾಕೆ ಹೆದರಬೇಕು?"

ಎಲ್ಲರೂ ನೋಡುತ್ತಿದ್ದರು. ನರಿಗೆ ಬೇಡವೆನ್ನಲಾಗಲಿಲ್ಲ. ಸವರಿದ್ದೇ ತಡ, ಮೇಷ್ಟ್ರ ಚಿಪ್ಪಿಗೆ ಸವರಿದಾಗ ಬಂದದ್ದಕ್ಕಿಂತ ಉದ್ದದ ಗಡ್ಡ ಕಲ್ಲಿಗೆ ಬಂತು.

"ಅದು... ಅದು ಬರೀ ಮರಳು," ನರಿ ತೊದಲಿತು. "ದಿಬ್ಬದಿಂದ ಬರೋವಾಗ ಅಂಟಿದ್ದು."

"ಯಾವ ದಿಬ್ಬ?" ಎಂದಿತು ನೀರುಕೋಳಿ.

ನರಿ ಓಟ ಕಿತ್ತಿತು. ಮತ್ತೆಂದೂ ಆ ಕಾಡಿನಲ್ಲಿ ಮುಖ ತೋರಿಸಲಿಲ್ಲ.

ಅಂದು ಸಂಜೆಯವರೆಗೆ ಕೆಂಚ ಮರಿಗಳ ಜೊತೆ ಕೂತು ಮರಳಿನಲ್ಲಿ ಕಲ್ಲು ಎಳೆಯಿತು. ಎಲೆಯ ಮೇಲೆ ಹುಡಿ ಹರಡಿ, ಅಡಿಯಲ್ಲಿ ಕಲ್ಲು ಆಡಿಸಿತು. ಹುಡಿ ಇರುವೆಸಾಲಿನಂತೆ ಹಿಂದೆಹಿಂದೆ ಬಂತು. ಅದೇ ಹಳೆಯ ನಗು ಮತ್ತೆ ಕೇಳಿಸಿತು. ಕೊನೆಗೆ ಮೇಷ್ಟ್ರು ಕಲ್ಲನ್ನು ನಾರಿಗೆ ಕಟ್ಟಿ ತೂಗಿಬಿಟ್ಟರು. ಅದು ತಿರುಗಿ ತಿರುಗಿ ಉತ್ತರಕ್ಕೆ ಮುಖಮಾಡಿ ನಿಂತಿತು.

"ಅಂದು ಇನ್ನೊಂದು ಗಳಿಗೆ ಕೂತಿದ್ದರೆ ಇದನ್ನೂ ನೋಡುತ್ತಿದ್ದೆ, ಕೆಂಚ."

"ಅದಕ್ಕೇ ಮೇಷ್ಟ್ರೇ, ವಾಪಸ್ ಬರೋ ದಾರಿ ಹುಡುಕೋಕೆ ಇಷ್ಟು ವರ್ಷ ಹಿಡೀತು."

ಮರುದಿನ ಬೆಳಿಗ್ಗೆ ಕೆಂಚ ಮತ್ತೆ ಕಾಡು ಸುತ್ತಲು ಗಂಟು ಕಟ್ಟತೊಡಗಿತು. ಕಲ್ಲನ್ನು ಈ ಸಲ ಎಸೆಯಲಿಲ್ಲ. ಎಲ್ಲರಿಗಿಂತ ಚಿಕ್ಕ ಮರಿಯ ಕೈಗಿಟ್ಟಿತು.

ನೀತಿ: ಕೈಯಾರೆ ಮಾಡಿ ನೋಡಿ ಕಲಿತವರ ಮುಂದೆ ಕಪಟಿಯ ಮಾತು ನಡೆಯದು.