ಸೂಲಗಿತ್ತಿಯ ಬಿಡುವು

“ಗುರುಗಳೇ, ಕೈ ಕೆಲಸ ಬಿಟ್ಟರೂ ಎದೆ ಕೆಲಸ ಬಿಡುವುದಿಲ್ಲ. ಇದಕ್ಕೆ ನಾನು ಏನು ಮಾಡಲಿ?”

ಹೀಗೆ ಕೇಳಿದವನು ಗುರುಸಿದ್ಧ. ಮಠಕ್ಕೆ ಬರುವ ರೋಗಿಗಳ ಆರೈಕೆ ಮಾಡುತ್ತಿದ್ದ ಶಿಷ್ಯ. ಆ ವರ್ಷ ಸುತ್ತಲಿನ ಊರುಗಳಲ್ಲಿ ಜ್ವರ ಹಬ್ಬಿತ್ತು. ಊಟಕ್ಕೆ ಕುಳಿತರೆ ಯಾರೋ ಕರೆದಂತಾಗಿ ಅವನು ಎದ್ದು ಹೋಗುತ್ತಿದ್ದ. ಹೋಗಿ ನೋಡಿದರೆ ಯಾರೂ ಕರೆದಿರುತ್ತಿರಲಿಲ್ಲ. ಜ್ವರ ಇಳಿದು ಹದಿನೈದು ದಿನಗಳಾಗಿದ್ದವು. ಅವನು ಮಾತ್ರ ಇನ್ನೂ ಹಾಗೆಯೇ ಇದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಸೂಲಗಿತ್ತಿ ಇದ್ದಳು. ಏಳು ಹಳ್ಳಿಗಳ ಹೆರಿಗೆಗೆ ಅವಳೊಬ್ಬಳೇ. ಇಪ್ಪತ್ತು ವರ್ಷಗಳಲ್ಲಿ ನೂರಾರು ಮಕ್ಕಳನ್ನು ಮಡಿಲಿಗೆ ಎತ್ತಿಕೊಟ್ಟಿದ್ದಳು. ಅವಳ ಕೈಗುಣ ಒಳ್ಳೆಯದೆಂದು ಜನ ಹೇಳುತ್ತಿದ್ದರು.

ಒಂದು ಕಾರ್ತಿಕದಲ್ಲಿ ಕುಂಬಾರರ ಮನೆಯಿಂದ ಕರೆ ಬಂತು. ಹೆರುವವಳ ಹೆಸರು ಚಂದವ್ವ. ಮಗು ಸುಖವಾಗಿ ಹುಟ್ಟಿತು. ತಾಯಿಯ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಹೊತ್ತು ಮುಳುಗುವ ಮೊದಲು ಚಂದವ್ವ ತೀರಿಕೊಂಡಳು.

ಯಾರೂ ಸೂಲಗಿತ್ತಿಯನ್ನು ದೂರಲಿಲ್ಲ. ಸತ್ತವಳ ಗಂಡನೇ ಅವಳನ್ನು ಮನೆಯವರೆಗೆ ಬಿಟ್ಟುಬಂದ. ಬೇರೆ ಯಾರೂ ದೂರದ ಕಾರಣ ತನ್ನನ್ನು ದೂರಿಕೊಳ್ಳುವ ಕೆಲಸವೂ ಅವಳ ಪಾಲಿಗೇ ಬಂತು.

ಅವಳು ಆ ಸಾವಿನ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಇನ್ನು ಮುಂದೆ ಒಂದು ಗಳಿಗೆಯೂ ಮೈಮರೆಯಬಾರದು ಎಂದುಕೊಂಡಳು. ಬಸುರಿಯರಿದ್ದ ಮನೆಗಳಿಗೆ ದಿನಕ್ಕೆ ಮೂರು ಸಲ ಹೋಗತೊಡಗಿದಳು. ಮೊದಲು ನೆರೆಯ ಹೆಂಗಸರ ಜೊತೆ ಕೆರೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದಳು. ಅದನ್ನು ಬಿಟ್ಟಳು. ಅಕ್ಕನ ಊರಿಗೆ ಹೋಗುವುದನ್ನು ಬಿಟ್ಟಳು. ಕೆಲಸ ಕಲಿಯಲು ಬರುತ್ತಿದ್ದ ಇಬ್ಬರು ಹೆಂಗಸರನ್ನು, “ನಿಮ್ಮ ಕೈಗೆ ಬಿಟ್ಟು ನಾನು ಹೇಗೆ ಸುಮ್ಮನಿರಲಿ?” ಎಂದು ಹಿಂದೆ ಕಳಿಸಿದಳು.

ಬಾಗಿಲ ಬಳಿ ಹೆಜ್ಜೆ ಸದ್ದಾದರೆ ಅವಳ ಎದೆ ಬಡಿದುಕೊಳ್ಳುತ್ತಿತ್ತು. ಅನ್ನ ಒಳಗೆ ಹೋಗುತ್ತಿರಲಿಲ್ಲ. ಗಂಡ ಏನಾದರೂ ಕೇಳಿದರೆ ಮೈಮೇಲೆ ಹೋಗುತ್ತಿದ್ದಳು. ಇದನ್ನೆಲ್ಲ ಅವಳು ಎಚ್ಚರಿಕೆ ಎಂದು ತಿಳಿದಿದ್ದಳು. ಜನರೂ ಹಾಗೆಯೇ ತಿಳಿದು, ಈಗ ಮೊದಲಿಗಿಂತ ಹೆಚ್ಚು ಕಾಳಜಿ ಮಾಡುತ್ತಾಳೆ ಎಂದು ಹೊಗಳಿದರು.

ಚೈತ್ರದಲ್ಲಿ ನೇಕಾರರ ಮನೆಯ ಸೊಸೆಗೆ ನೋವು ಕಾಣಿಸಿಕೊಂಡಿತು. ಚೊಚ್ಚಲ ಹೆರಿಗೆ. ಸೂಲಗಿತ್ತಿ ಬೆಳಿಗ್ಗೆಯೇ ಬಂದಳು. ಬಂದಾಗಿನಿಂದ ಕುಳಿತುಕೊಳ್ಳಲಿಲ್ಲ. ನೋವು ಬಂದಾಗ ಹುಡುಗಿಯ ಜೊತೆ ತಾನೂ ಉಸಿರು ಬಿಗಿಹಿಡಿಯುತ್ತಿದ್ದಳು. ನೋವು ಹೋದಾಗ ಹುಡುಗಿ ಉಸಿರು ಬಿಡುತ್ತಿದ್ದಳು, ಇವಳು ಬಿಡುತ್ತಿರಲಿಲ್ಲ. ಹೊಟ್ಟೆಯ ಮೇಲಿಟ್ಟ ಅವಳ ಕೈ ತಣ್ಣಗಿತ್ತು.

ಹೆರುವವಳಿಗೆ ಆ ಕೋಣೆಯಲ್ಲಿ ನೋಡಲು ಇದ್ದದ್ದು ಸೂಲಗಿತ್ತಿಯ ಮುಖವೊಂದೇ. ಹುಡುಗಿ ಅದನ್ನೇ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳು, “ಅವ್ವಾ, ನಾನು ಸಾಯುತ್ತೇನೆಯೇ?” ಎಂದು ಕೇಳಿದಳು.

ಸೂಲಗಿತ್ತಿ ಇಲ್ಲ ಎನ್ನಲು ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಸ್ವಲ್ಪ ಹೊತ್ತಿಗೆ, ಮಗು ಹುಟ್ಟುವ ಮೊದಲೇ, ನೋವು ನಿಂತುಹೋಯಿತು.

ಆ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಹುಡುಗಿಯ ಅತ್ತೆಯ ತಾಯಿ. ಎಂಟು ಹೆತ್ತವಳು. ಅವಳು ಎದ್ದು ಬಂದು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದಳು. ಮಗು ಕದಲುತ್ತಿತ್ತು. ಹುಡುಗಿಗೆ ಎರಡು ಗುಟುಕು ನೀರು ಕುಡಿಸಿ, ಹೆರಿಗೆಗೆಂದು ಬಂದು ಹೊರಗೆ ಕಾದಿದ್ದ ಅವಳ ತಾಯಿಯನ್ನು ಕರೆದು ಪಕ್ಕದಲ್ಲಿ ಕೂರಿಸಿದಳು. ಆಮೇಲೆ ಸೂಲಗಿತ್ತಿಯ ರಟ್ಟೆ ಹಿಡಿದು ಹಿತ್ತಿಲಿಗೆ ಕರೆತಂದಳು. ಕೈಕಾಲು ತೊಳೆಯಲು ನೀರು ಕೊಟ್ಟಳು. ಒಂದು ಬಟ್ಟಲು ಗಂಜಿ ತಂದು ಮುಂದಿಟ್ಟಳು.

“ಕುಡಿ” ಎಂದಳು.

“ಹೇಗೆ ಕುಡಿಯಲಿ, ಅಜ್ಜಿ? ಅವಳನ್ನು ಒಳಗೆ ಬಿಟ್ಟು ಬಂದಿದ್ದೇನೆ.”

“ನೋವು ನಿಂತಿದೆ. ನೋವು ನಿಂತಾಗ ಏನು ಮಾಡಬೇಕೆಂದು ಹೆರುವವರಿಗೆ ಹೇಳಿಕೊಡುವವಳು ನೀನು. ಏನು ಹೇಳುತ್ತೀಯೆ?”

“ಮೈ ಸಡಿಲ ಬಿಡಿ, ಮುಂದಿನ ನೋವಿಗೆ ಈಗಲೇ ತಿಣುಕಬೇಡಿ ಎನ್ನುತ್ತೇನೆ.”

“ನೀನು ಎಷ್ಟು ತಿಂಗಳಿಂದ ತಿಣುಕುತ್ತಿದ್ದೀಯೆ, ಮಗಳೇ?”

ಸೂಲಗಿತ್ತಿಗೆ ಸಿಟ್ಟು ಬಂತು. ಎದ್ದು ಹೋಗಬೇಕೆಂದುಕೊಂಡಳು. ಬಟ್ಟಲು ಎತ್ತುವಾಗ ಗಂಜಿ ಸೀರೆಯ ಮೇಲೆ ಚೆಲ್ಲಿತು. ಅದನ್ನು ನೋಡುತ್ತ ಕುಳಿತವಳು, “ಅವಳ ಹೆಸರು ಚಂದವ್ವ” ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಬಟ್ಟೆಯ ಮೇಲೆ ಬಟ್ಟೆ ಒತ್ತಿದ್ದನ್ನು ಹೇಳಿದಳು. ಚಂದವ್ವ ಕೊನೆಗೆ ನೀರು ಕೇಳಿದಳು, ಕೈಗೆ ಬಿಡುವಿರಲಿಲ್ಲ, ಆಮೇಲೆ ಕೊಡುತ್ತೇನೆ ಅಂದೆ ಎಂದಳು. ಆ ಒಂದು ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ನಿನ್ನ ತಪ್ಪಿಲ್ಲ ಎಂದು ಮುದುಕಿ ಹೇಳಲಿಲ್ಲ. ಅದನ್ನು ಎಲ್ಲರೂ ಹೇಳಿ ಆಗಿತ್ತು. ಅವಳು ಹತ್ತಿರ ಕುಳಿತು ಕೇಳಿದಳು. ಸೂಲಗಿತ್ತಿ ನಡುವೆ ನಿಲ್ಲಿಸಿದಾಗ, “ಇನ್ನೂ ಇದೆ, ಹೇಳು” ಎಂದಳು. ಹೇಳಿ ಮುಗಿಯುವ ಹೊತ್ತಿಗೆ ಗಂಜಿ ಆರಿಹೋಗಿತ್ತು. ಸೂಲಗಿತ್ತಿ ಅತ್ತಳು. ಅತ್ತು, ಉಳಿದ ಗಂಜಿಯನ್ನು ಪೂರ್ತಿ ಕುಡಿದಳು.

ಒಳಗೆ ಬಂದು ಹುಡುಗಿಯ ಪಕ್ಕದಲ್ಲಿ ಕುಳಿತಳು. ಹುಡುಗಿ ಅವಳ ಮುಖ ನೋಡಿದಳು. ಕಣ್ಣುಗಳು ಕೆಂಪಗಿದ್ದವು, ಆದರೆ ಹಣೆಯ ಗಂಟು ಹೋಗಿತ್ತು. “ನಾನು ಇಲ್ಲಿಯೇ ಇರುತ್ತೇನೆ” ಎಂದಳು ಸೂಲಗಿತ್ತಿ. ಈ ಸಲ ದನಿ ಬಂತು. ಮತ್ತೆ ನೋವು ಶುರುವಾಯಿತು. ನೋವು ಹೋದಾಗಲೆಲ್ಲ ಇಬ್ಬರೂ ಉಸಿರು ಬಿಟ್ಟರು. ಸಂಜೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು.

ಗಂಜಿ ಕುಡಿದದ್ದರಿಂದ ಮಗು ಹುಟ್ಟಿತೆಂದು ನಾನು ಹೇಳುವುದಿಲ್ಲ. ಹೆರಿಗೆಗೆ ಅದರದೇ ಗಳಿಗೆ ಇರುತ್ತದೆ. ಹೆರುವವಳಿಗೆ ಹೆದರದ ಒಂದು ಮುಖ ಸಿಕ್ಕಿತು, ಅಷ್ಟು ಮಾತ್ರ ನಿಜ.

ಸೂಲಗಿತ್ತಿ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಮರುದಿನವೂ ಹೆಜ್ಜೆ ಸದ್ದಿಗೆ ಎದೆ ಬಡಿದುಕೊಂಡಿತು. ಆದರೆ ಅದು ಎಚ್ಚರಿಕೆಯಲ್ಲ, ಭಯ ಎಂಬುದು ಈಗ ಅವಳಿಗೆ ತಿಳಿದಿತ್ತು. ಎದೆ ಬಡಿದುಕೊಂಡಾಗ ಕುಳಿತುಕೊಂಡು ನಿಧಾನವಾಗಿ ಉಸಿರು ಬಿಡುತ್ತಿದ್ದಳು. ಯಾವ ಮನೆಗೆ ಹೋಗಲೇಬೇಕು, ಯಾವ ಮನೆಗೆ ಸುಮ್ಮನೆ ಹೆದರಿ ಹೋಗುತ್ತಿದ್ದೇನೆ ಎಂದು ಯೋಚಿಸಿ, ಹೋಗಬೇಕಾದ ಮನೆಗೆ ಮಾತ್ರ ಹೋದಳು. ನೆರೆಯವರ ಜೊತೆ ಕೆರೆಗೆ ನಡೆದುಹೋಗತೊಡಗಿದಳು. ಹಿಂದೆ ಕಳಿಸಿದ್ದ ಇಬ್ಬರು ಹೆಂಗಸರನ್ನು ತಾನೇ ಹೋಗಿ ಕರೆತಂದಳು. ಮನಸ್ಸು ಬಿಗಿದುಕೊಂಡ ದಿನ ನೇಕಾರರ ಮನೆಯ ಮುದುಕಿಯ ಹತ್ತಿರ ಹೋಗಿ ಕೂರುತ್ತಿದ್ದಳು. ಒಂದು ದಿನ ಇವಳು ಮಾತಾಡಿದರೆ ಇನ್ನೊಂದು ದಿನ ಮುದುಕಿ ಮಾತಾಡುತ್ತಿದ್ದಳು.

ಕಾರ್ತಿಕದಿಂದ ಅವಳು ಕುಂಬಾರರ ಓಣಿಗೆ ಕಾಲಿಟ್ಟಿರಲಿಲ್ಲ. ಒಂದು ದಿನ ಅಲ್ಲಿಗೂ ಹೋದಳು. ಚಂದವ್ವನ ಮಗು ಅಂಬೆಗಾಲಿಡುತ್ತಿತ್ತು. ಅದನ್ನು ಎತ್ತಿಕೊಂಡು ಬಹಳ ಹೊತ್ತು ಕುಳಿತು ಬಂದಳು.

ಶ್ರಾವಣದಲ್ಲಿ ನಾಲ್ಕು ದಿನ ಅಕ್ಕನ ಊರಿಗೆ ಹೋದಳು. ಮೊದಲ ಎರಡು ದಿನ ದಾರಿಯನ್ನೇ ನೋಡಿದಳು. ಮೂರನೆಯ ದಿನ ಊಟ ಮಾಡಿ ಮಲಗಿದವಳು ಹೊತ್ತು ಇಳಿಯುವವರೆಗೂ ಏಳಲಿಲ್ಲ. ಅತ್ತ ಅವಳ ಹಳ್ಳಿಯಲ್ಲಿ ಒಂದು ಗಂಡು ಮಗು ಹುಟ್ಟಿತು. ಹೆರಿಗೆ ಮಾಡಿಸಿದವರು ಅವಳಿಂದ ಕಲಿತ ಆ ಇಬ್ಬರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಗುರುಸಿದ್ಧ ತಲೆ ಎತ್ತಿದ. “ಕತೆಯಲ್ಲಿ ಎಲ್ಲ ಒಳ್ಳೆಯದಾಯಿತು, ಗುರುಗಳೇ. ಆದರೆ ಅವಳು ಅಕ್ಕನ ಮನೆಯಲ್ಲಿ ಮಲಗಿದ್ದಾಗ ಯಾರಾದರೂ ಸತ್ತಿದ್ದರೆ?” ಎಂದು ಕೇಳಿದ. ಅವನ ದನಿ ಗಟ್ಟಿಯಾಗಿತ್ತು. ಜ್ವರ ಶುರುವಾದಾಗಿನಿಂದ ಅವನೊಳಗೆ ಇದ್ದ ಪ್ರಶ್ನೆ ಅದೇ.

ಗುರುಗಳು ಅವನನ್ನು ನೋಡಿ ಹೇಳಿದರು:

“ಮರುವರ್ಷ ಒಬ್ಬಳು ಹೆರಿಗೆಯಲ್ಲಿ ಸತ್ತಳು, ಸೂಲಗಿತ್ತಿ ಎಚ್ಚರವಾಗಿ ಪಕ್ಕದಲ್ಲೇ ಇದ್ದಾಗಲೇ. ಆ ದಿನ ಸೂಲಗಿತ್ತಿ ಅತ್ತಳು, ಉಂಡಳು, ಮಲಗಿದಳು, ಮರುದಿನ ಕರೆದ ಮನೆಗೆ ಹೋದಳು.”